ಎಎಂಟಿ, ಸಿವಿಟಿ, ಟಾರ್ಕ್ ಕನ್ವರ್ಟರ್: ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಮೂರನ್ನೂ ಓಡಿಸಿ ನೋಡಿದೆ

ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಗೋಕುಲ ರೋಡಿಗೆ ದಿನಾ ಕಾರಲ್ಲಿ ಹೋಗಿ ಬರುತ್ತೇನೆ. ಎಡ ಮೊಣಕಾಲಿನ ನೋವು ಶುರುವಾದ ಮೇಲೆ ಕ್ಲಚ್ ತುಳಿಯೋದು ಆಗದೆ ಆಟೋಮ್ಯಾಟಿಕ್ ಕಾರಿಗೆ ಬಂದೆ. ಮೊದಲು ನಾಲ್ಕು ವರ್ಷ ಎಎಂಟಿ ಗೇರ್‌ಬಾಕ್ಸಿನ ಕಾರು. ನಡುವೆ ಮೂರು ವಾರ ನಮ್ಮ ಭಾವನ ಸಿವಿಟಿ ಕಾರು ನನ್ನ ಹತ್ತಿರ ಇತ್ತು. ಈಗ ಒಂದೂವರೆ ವರ್ಷದಿಂದ ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಕಾರು. ಮೂರೂ ಪೆಟ್ರೋಲ್. ಶೋರೂಮಿನಲ್ಲಿ ಮೂರಕ್ಕೂ ಆಟೋಮ್ಯಾಟಿಕ್ ಅಂತ ಒಂದೇ ಹೆಸರು. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ.

ನಾನು ಮುಖ್ಯವಾಗಿ ನೋಡಿದ್ದು ಗಾಡಿ ತೆವಳುವಾಗ ಹೇಗಿರುತ್ತದೆ ಅನ್ನೋದನ್ನು. ಸಂಜೆ ಹೊಸೂರಿನಿಂದ ಚೆನ್ನಮ್ಮ ಸರ್ಕಲ್ ಕಡೆ ಹೋಗಿ ನೋಡಿ. ನಡುವಿನ ಲೇನಿನಲ್ಲಿ ಚಿಗರಿ ಬಸ್ ಸುಮ್ನೆ ಹೋಗಿಬಿಡುತ್ತದೆ. ನಾವು ಪಕ್ಕದಲ್ಲಿ ಐದು ಕಿಲೋಮೀಟರ್ ವೇಗದಲ್ಲಿ ಹತ್ತಡಿ ಹೋಗಿ, ನಿಂತು, ಮತ್ತೆ ಹತ್ತಡಿ ಹೋಗಬೇಕು. ಗೇರ್‌ಬಾಕ್ಸಿನ ಗುಣ ಗೊತ್ತಾಗೋದು ಅಲ್ಲೇ.

ಎಎಂಟಿ ನಮ್ಮ ದೇಶದಲ್ಲಿ ಜನರ ಕೈಗೆ ಸಿಕ್ಕಿದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ಅದು ನಿಜಕ್ಕೂ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಕ್ಲಚ್, ಅದೇ ಪ್ಲೇಟು. ಕ್ಲಚ್ ಒತ್ತೋದು, ಗೇರ್ ಹಾಕೋದು ಕಾಲು-ಕೈ ಬದಲು ಆಕ್ಚುಯೇಟರ್ ಅನ್ನೋ ಒಂದು ಯಂತ್ರ, ಅಷ್ಟೇ. ಹಾಗಾಗಿ ತೆವಳುವಾಗೆಲ್ಲ ಕ್ಲಚ್ ಪ್ಲೇಟು ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಬಿಸಿಯಾಗುತ್ತದೆ, ಸವೆಯುತ್ತದೆ. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಗಾಡಿ ಒಂದು ಕ್ಷಣ ಉಸಿರು ಹಿಡಿದಂತೆ ಆಗಿ ತಲೆ ಮುಂದಕ್ಕೆ ಬಾಗುತ್ತದೆ. ಒಂದು ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗುವಾಗ ಹಿಂದೆ ಕೂತಿದ್ದ ಅವ್ವ, "ಯಾಕೋ ತಮ್ಮಾ, ಇನ್ನೂ ಗಾಡಿ ಕಲೀಲಿಕತ್ತೀ ಏನ?" ಅಂತ ಕೇಳಿಯೇಬಿಟ್ಟಳು. ನನ್ನ ಕಾರಿಗೆ ಹಿಲ್ ಹೋಲ್ಡ್, ಅಂದರೆ ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಸೌಲಭ್ಯ, ಇರಲಿಲ್ಲ. ಧಾರವಾಡದ ಏರುಗಳಲ್ಲಿ ಬ್ರೇಕ್ ಬಿಟ್ಟ ಕೂಡಲೇ ಹಿಂದೆ ಜಾರುತ್ತಿತ್ತು. ಜಾರದಿರಲಿ ಅಂತ ಎಕ್ಸಲರೇಟರ್ ಮೇಲೆ ಹಿಡಿದು ನಿಲ್ಲಿಸುತ್ತಿದ್ದೆ. ಅದು ದೊಡ್ಡ ತಪ್ಪು. ಮೂರನೇ ವರ್ಷಕ್ಕೆ ಕ್ಲಚ್ ಸೆಟ್ ಬದಲಿಸಬೇಕಾಯಿತು.

ಸಿವಿಟಿಯಲ್ಲಿ ಗೇರ್ ಅನ್ನೋದೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಪುಲ್ಲಿಗಳ ಅಗಲ ಹಿಗ್ಗಿ ಕುಗ್ಗಿದಂತೆ ಎಂಜಿನ್ ಮತ್ತು ಚಕ್ರಗಳ ವೇಗದ ಅನುಪಾತ ಮೆಲ್ಲಗೆ ಬದಲಾಗುತ್ತದೆ. ಊರೊಳಗೆ ಇದರಷ್ಟು ಮೃದು ಬೇರೆ ಇಲ್ಲ. ಆದರೆ ಜೋರಾಗಿ ತುಳಿದರೆ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ನನಗೆ ಅದು ಕಿವಿಗೆ ಹಿಡಿಸಲಿಲ್ಲ. ಭಾವನಿಗೆ ಅದೇ ಇಷ್ಟ.

ಇನ್ನು ಟಾರ್ಕ್ ಕನ್ವರ್ಟರ್. ಮಜ್ಜಿಗೆ ಕಡೆಯುವಾಗ ಗಡಿಗೆಯಲ್ಲಿ ಮಜ್ಜಿಗೆಯೆಲ್ಲ ಸುತ್ತುತ್ತದೆ ಅಲ್ವಾ? ಆಗ ಒಂದು ಸೌಟು ಇಳಿಬಿಟ್ಟರೆ ಅದನ್ನೂ ಎಳೆಯುತ್ತದೆ. ಇಲ್ಲೂ ಹಾಗೇ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಅನ್ನೋ ರೆಕ್ಕೆಯ ಚಕ್ರ ಎಣ್ಣೆಯನ್ನು ಸುತ್ತಿಸುತ್ತದೆ. ಆ ಎಣ್ಣೆ ಎದುರಿನ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಟರ್ಬೈನ್ ಗೇರ್‌ಬಾಕ್ಸನ್ನು. ನಡುವೆ ಸ್ಟೇಟರ್ ಅಂತ ಇದೆ. ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಇಂಪೆಲ್ಲರಿಗೆ ಅನುಕೂಲ ಮಾಡುವುದು ಅದರ ಕೆಲಸ. ಹಾಗಾಗಿ ಗಾಡಿ ನಿಂತಲ್ಲಿಂದ ಏಳುವಾಗ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲೇ ಹಡಗುಗಳಿಗಾಗಿ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಜಾರೋದೆಲ್ಲ ಎಣ್ಣೆಯಲ್ಲಿ, ಪ್ಲೇಟಿನಲ್ಲಿ ಅಲ್ಲ. ಬಿಸಿಯೂ ಎಣ್ಣೆಗೇ ಹೋಗುತ್ತದೆ, ಅದನ್ನು ಕೂಲರ್ ತಣ್ಣಗೆ ಮಾಡುತ್ತದೆ. ಚೆನ್ನಮ್ಮ ಸರ್ಕಲ್‌ನಲ್ಲಿ ಬ್ರೇಕ್ ಸ್ವಲ್ಪ ಸಡಿಲಿಸಿದರೆ ಸಾಕು, ಗಾಡಿ ತಾನೇ ತೆವಳುತ್ತದೆ. ವೇಗ ಒಂದು ಮಟ್ಟಕ್ಕೆ ಬಂದ ಮೇಲೆ ಲಾಕ್‌ಅಪ್ ಕ್ಲಚ್ ಇಂಪೆಲ್ಲರ್, ಟರ್ಬೈನ್ ಎರಡನ್ನೂ ಸೇರಿಸಿ ಗಟ್ಟಿ ಹಿಡಿಯುತ್ತದೆ, ಜಾರಿಕೆ ನಿಲ್ಲುತ್ತದೆ.

ಡ್ರ್ಯಾಗ್ ರೇಸಿನ ಹುಚ್ಚಿರುವ ಒಬ್ಬ ಗೆಳೆಯ ಸ್ಟಾಲ್ ಸ್ಪೀಡ್ ಜಾಸ್ತಿ ಇರುವ ಕನ್ವರ್ಟರ್ ಹಾಕಿಸೋಣವಾ ಅಂತ ಕೇಳಿದ. ಟರ್ಬೈನ್ ತಿರುಗದಂತೆ ತಡೆದಿಟ್ಟಾಗ ಎಂಜಿನ್ ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ) ಏರಬಲ್ಲದೋ ಅದೇ ಸ್ಟಾಲ್ ಸ್ಪೀಡ್. ಅಮೆರಿಕದಲ್ಲಿ ರೇಸಿಗೆ ಹೋಗುವವರು 3000ಕ್ಕಿಂತ ಮೇಲಿನದನ್ನು ಹಾಕುತ್ತಾರೆ. ಎಂಜಿನ್ನಿಗೆ ಬಲ ಬರುವ ಆರ್‌ಪಿಎಂನಲ್ಲೇ ಗಾಡಿ ಚಿಮ್ಮಲಿ ಅಂತ. ಅದೇ ಕನ್ವರ್ಟರ್ ದಿನದ ಓಡಾಟಕ್ಕೆ ಬಂದರೆ ಎಣ್ಣೆ ಬಿಸಿ ಏರುತ್ತದೆ, ಪೆಟ್ರೋಲ್ ಸುರಿಯುತ್ತದೆ, ಗಾಡಿ ಮುಂದೆ ಹೋಗಲು ಪ್ರತಿ ಸಲ ಎಂಜಿನ್ ಕೂಗಿಸಬೇಕು. ಬೇಡ ಅಂದೆ.

ಓವರ್‌ಟೇಕ್ ವಿಷಯದಲ್ಲಿ ನನಗೆ ಭಯ ಹುಟ್ಟಿದ್ದು ಗಬ್ಬೂರಿನಿಂದ ನರೇಂದ್ರಕ್ಕೆ ಹೋಗುವ ಬೈಪಾಸಿನಲ್ಲಿ. ಅದು ಬಹಳ ವರ್ಷ ಎರಡೇ ಲೇನಿನ ರಸ್ತೆಯಾಗಿತ್ತು. ಲಾರಿ ದಾಟಲು ಎಎಂಟಿಯನ್ನು ಪೂರ್ತಿ ತುಳಿದೆ. ಅದು ಗೇರ್ ಇಳಿಸೋ ಆ ಒಂದು ಕ್ಷಣ ಎಳೆತವೇ ಇಲ್ಲ. ಎದುರಿಗೆ ಬಸ್ಸು. ಮತ್ತೆ ಲಾರಿ ಹಿಂದೆ ಬಂದು ಸೇರಿಕೊಂಡೆ. ಅಂದಿನಿಂದ ಓವರ್‌ಟೇಕಿಗೆ ಮೊದಲೇ ಲಿವರ್ ಮ್ಯಾನುಯಲ್‌ಗೆ ತಂದು ಗೇರ್ ಇಳಿಸಿಯೇ ಹೊರಡುತ್ತಿದ್ದೆ. ಈಗಿನ ಕಾರಿನಲ್ಲಿ ಗೇರ್ ಇಳಿಯುವಾಗಲೂ ಎಳೆತ ತಪ್ಪುವುದಿಲ್ಲ.

ಅಂಕೋಲಾ ಕಡೆ ಅರಬೈಲ್ ಘಾಟ್ ಇಳಿಯುವಾಗ ಮಾತ್ರ ಎಎಂಟಿಗೆ ಪೂರ್ತಿ ಅಂಕ ಕೊಡುತ್ತೇನೆ. ಮ್ಯಾನುಯಲ್‌ಗೆ ಹಾಕಿ ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ ಗಟ್ಟಿಯಾಗಿ ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ. ಏರುವಾಗ ಅದೇ ಎಎಂಟಿ ತಿರುವಿನ ನಡುವೆ ಗೇರ್ ಏರಿಸಿ ಸುಸ್ತಾಗುತ್ತದೆ.

ಖರ್ಚಿನ ಮಾತು. ಮ್ಯಾನುಯಲ್‌ಗಿಂತ ಎಎಂಟಿಗೆ ಸುಮಾರು ಐವತ್ತು ಸಾವಿರ ಜಾಸ್ತಿ, ಟಾರ್ಕ್ ಕನ್ವರ್ಟರಿಗೆ ಲಕ್ಷದ ಮೇಲೆ. ಊರೊಳಗೆ ನನಗೆ ಲೀಟರಿಗೆ ಎಎಂಟಿ 16, ಸಿವಿಟಿ 14, ಈಗಿನದು 12 ಕೊಟ್ಟಿವೆ. ಕಾರುಗಳೇ ಬೇರೆ ಬೇರೆ, ಆದ್ದರಿಂದ ಎಲ್ಲವನ್ನೂ ಗೇರ್‌ಬಾಕ್ಸಿನ ಲೆಕ್ಕಕ್ಕೆ ಹಾಕಲಾರೆ. ಆದರೂ ನನ್ನ ಮೊಣಕಾಲಿಗೆ, ಈ ರಸ್ತೆಗೆ ಟಾರ್ಕ್ ಕನ್ವರ್ಟರೇ ಸರಿ. ಟೆಸ್ಟ್ ಡ್ರೈವಿಗೆ ವಿಮಾನ ನಿಲ್ದಾಣದ ಕಡೆಯ ಖಾಲಿ ರಸ್ತೆಗೆ ಕರೆದೊಯ್ದರೆ ಒಪ್ಪಬೇಡಿ. ಸಂಜೆ ಆರಕ್ಕೆ ಹೊಸೂರಿಗೆ ಹೋಗಿ.

ನನ್ನ ತಮ್ಮ ಗದಗಿನಲ್ಲಿದ್ದಾನೆ. ದಿನಾ ಮುಳಗುಂದಕ್ಕೆ ಓಡಾಟ, ಸಿಗ್ನಲ್ಲಿಲ್ಲ, ಜಾಮಿಲ್ಲ. ಅವನಿಗೆ ಎಎಂಟಿನೇ ತಗೋ ಅಂದೆ, ಹೋದ ತಿಂಗಳು ತಗೊಂಡ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆ, ಎಕ್ಸಲರೇಟರ್ ಮೇಲೆ ಹಿಡಿದು ನಿಲ್ಲಬೇಡ ಅಂತ ಎರಡು ಸಲ ಹೇಳಿದ್ದೇನೆ.