ಹೆಸರು ಒಂದೇ ಅಂತ ಫೋಟೋ ಒಂದೇ ಆಗಲ್ಲ: ಹಾರ್ಡ್ ಡಿಸ್ಕ್‌ಗೆ ಸುರಿಯುವ ಮುಂಚೆ ನೋಡಿಕೊಳ್ಳಿ

ಮನೆಯ ಫೋಟೋಗಳನ್ನೆಲ್ಲ ಒಂದೇ ಕಡೆ ಸೇರಿಸೋಣ ಅಂತ ಹೊರಟಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಕೈ ಹಾಕಿ.

ಅಪ್ಪನ ಹಳೇ ಡೆಸ್ಕ್‌ಟಾಪ್, ಅಣ್ಣನ ಲ್ಯಾಪ್‌ಟಾಪ್, ನನ್ನದೊಂದು. ಮೂರರಲ್ಲಿದ್ದ ಫೋಟೋಗಳನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ, ಡೆಸ್ಕ್‌ಟಾಪ್ ಫಾರ್ಮ್ಯಾಟ್ ಮಾಡಿಕೊಡಿ ಅಂತ ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟೆವು. "ಡೂಪ್ಲಿಕೇಟ್ ಎಲ್ಲಾ ಹೋಯ್ತು ಸಾರ್, ಜಾಗ ಜಾಸ್ತಿ ಉಳೀತು" ಅಂದರು.

ಅಜ್ಜಿ ಕಡುಬು ಮಾಡುತ್ತಿದ್ದ ಒಂದು ಫೋಟೋ ಇತ್ತು. ಪ್ರಿಂಟ್ ಹಿಂದೆ ಅದರ ನಂಬರ್ ಬರೆದಿಟ್ಟಿದ್ದೆ, ಐಎಂಜಿ 0412. ತೆರೆದರೆ ಅಣ್ಣನ ಬೈಕ್ ಸರ್ವಿಸ್ ಬಿಲ್!

ಅಪ್ಪನ ಕ್ಯಾನನ್ ಕ್ಯಾಮೆರಾ, ಅಣ್ಣನ ಐಫೋನ್ ಎರಡೂ ಐಎಂಜಿ ಅಂತಲೇ ಹೆಸರಿಟ್ಟು ನಾಲ್ಕು ಅಂಕಿ ಹಾಕುತ್ತವೆ. 9999 ಮುಗಿದರೆ ಮತ್ತೆ 0001ರಿಂದ ಶುರು. ಅಂಗಡಿಯವರು ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದು, ಒಂದೇ ಹೆಸರು ಅಂತ ವಿಂಡೋಸ್ ಕೇಳಿದಾಗೆಲ್ಲ 'ರೀಪ್ಲೇಸ್', ಅಂದರೆ ಮೊದಲಿದ್ದದ್ದನ್ನು ತೆಗೆದು ಹೊಸದನ್ನು ಇಡು, ಅಂತ ಒತ್ತಿದ್ದಾರೆ. ಹಾಗೆ ಹೋದ ಫೈಲ್ ರೀಸೈಕಲ್ ಬಿನ್‌ಗೂ ಬರುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಅಳಿದ ಫೈಲ್ ಹುಡುಕಿಕೊಡುವ ರಿಕವರಿ ಸಾಫ್ಟ್‌ವೇರ್ ಓಡಿಸಿದೆವು. ಹಳೇ ಫೋಟೋಗಳಿದ್ದ ಜಾಗದ ಮೇಲೆ ಹೊಸ ವಿಂಡೋಸ್ ಕೂತಾಗಿತ್ತು. ಸಿಕ್ಕಿದ ಕೆಲವು ಫೋಟೋಗಳಲ್ಲಿ ಮೇಲಿನ ಅರ್ಧ ಮುಖ, ಕೆಳಗೆ ಬರೀ ಬೂದು ಬಣ್ಣ. ನೋಡಿ ಅಮ್ಮ ಎದ್ದು ಹೋದರು.

ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಒಂದೇ ಫೋಟೋಗಳು ಇರುವಂತೆ ನೋಡಿಕೊಳ್ಳುವ ಸಿಂಕ್ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ಒಂದು ಕಡೆ ಅಳಿಸಿದ್ದನ್ನು ಸಿಂಕ್ ಎಲ್ಲ ಕಡೆಯೂ ಅಳಿಸುತ್ತದೆ, ಬದಲಾದದ್ದನ್ನೂ ಹಾಗೇ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೆ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಷ್ಟೇ.

ಒಂದೊಂದು ಕಂಪ್ಯೂಟರ್‌ಗೂ ಬೇರೆ ಫೋಲ್ಡರ್ ಮಾಡಿಸಿ: 'ಅಪ್ಪ', 'ಅಣ್ಣ' ಅಂತ ಹೆಸರಿದ್ದರೂ ಸಾಕು. ಫೋಟೋ ತೆಗೆದ ದಿನ, ಸಮಯ ಫೈಲ್ ಒಳಗೇ ಇರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್ ಅದನ್ನೇ ಹೆಸರಾಗಿ ಇಡುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋದಲ್ಲಿ ಆ ಮಾಹಿತಿ ಇರುವುದಿಲ್ಲ, ಚಿತ್ರವೂ ಚಿಕ್ಕದಾಗಿರುತ್ತದೆ. ಅದನ್ನು ಉಳಿಸಿಕೊಂಡು ಒರಿಜಿನಲ್ ತೆಗೆದುಬಿಟ್ಟರೆ ದೊಡ್ಡ ನಷ್ಟ. ಡೂಪ್ಲಿಕೇಟ್ ತೆಗೆಯುವುದಾದರೆ ಹೆಸರು ನೋಡಿ ಬೇಡ, ಫೈಲ್ ಒಳಗಿನದನ್ನು ಹೋಲಿಸುವ ಡ್ಯೂಪ್‌ಗುರು ಥರದ್ದು ಬಳಸಿ.

ಫಾರ್ಮ್ಯಾಟ್ ಮಾತ್ರ ಕೊನೆಗೆ. ಹಳೇ ಕಂಪ್ಯೂಟರ್‌ನಲ್ಲಿ ಎಷ್ಟು ಫೋಟೋ ಇದ್ದವು, ಹೊಸ ಡಿಸ್ಕ್‌ಗೆ ಎಷ್ಟು ಬಂದವು, ಎರಡೂ ಲೆಕ್ಕ ತಾಳೆಯಾಗಲಿ. ಎರಡನೇ ಡಿಸ್ಕ್‌ಗೂ ಒಂದು ಕಾಪಿ ಹೋಗಲಿ. ಅಲ್ಲಿಯವರೆಗೆ ಹಳೇ ಮೆಮೊರಿ ಕಾರ್ಡ್‌ಗಳನ್ನೂ ಎಸೆಯಬೇಡಿ. ನಮ್ಮ ಅಕ್ಕನ ಮದುವೆಯ ಒಂದಿಷ್ಟು ಫೋಟೋ ವಾಪಸ್ ಸಿಕ್ಕಿದ್ದು ಬೀರುವಿನಲ್ಲಿದ್ದ ಅಂಥದ್ದೇ ಒಂದು ಕಾರ್ಡ್‌ನಿಂದ.