12 ರೂಪಾಯಿಯ ಕಿತ್ತಳೆ ಬಣ್ಣದ ಇಯರ್‌ಪ್ಲಗ್: ಎಂಟು ತಿಂಗಳು ಆಫೀಸಿನಲ್ಲಿ ಹಾಕಿಕೊಂಡ ಮೇಲೆ

ನಮ್ಮ ಆಫೀಸಿನಲ್ಲಿ ಒಂದು ಹಿತ್ತಾಳೆ ಗಂಟೆ ಇದೆ. ಸೇಲ್ಸ್‌ನವರು ಹೊಸ ಗಿರಾಕಿ ಹಿಡಿದಾಗಲೆಲ್ಲ ಅದನ್ನು ಬಾರಿಸುತ್ತಾರೆ. ಆಮೇಲೆ ಎಲ್ಲರೂ ಚಪ್ಪಾಳೆ. ಗಂಟೆಗೂ ನನ್ನ ಕುರ್ಚಿಗೂ ಹದಿನೈದು ಅಡಿ ಇತ್ತು. ನಾನು ಪೇರೋಲ್ ಮಾಡುವವಳು. ಪಿಎಫ್ 12 ಪರ್ಸೆಂಟ್, ಇಎಸ್‌ಐ 0.75, ಸಂಬಳವಿಲ್ಲದ ರಜೆ ಎಷ್ಟು ದಿನ, ಅಡ್ವಾನ್ಸ್ ಎಷ್ಟು ಮುರಿಯಬೇಕು, ಇದೆಲ್ಲ ತಲೆಯಲ್ಲಿಟ್ಟುಕೊಂಡು ಸಾಲು ಸಾಲಾಗಿ ಇಳಿಯುತ್ತಿರುತ್ತೇನೆ. ಅಷ್ಟರಲ್ಲಿ ಢಣ್! ಪಕ್ಕದವರು ನಕ್ಕು ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ನನಗೆ ಆ ಸದ್ದು ಹಲ್ಲಿನ ಬೇರಿನ ತನಕ ಇಳಿಯುತ್ತದೆ. ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಮತ್ತೆ ಮೊದಲಿನಿಂದ.

ನನಗೆ ಆಟಿಸಂ ಇದೆ, ಅಂದರೆ ಸದ್ದು, ಬೆಳಕು, ಜನರ ಒಡನಾಟ ಇವನ್ನೆಲ್ಲ ಮಿದುಳು ಹುಟ್ಟಿನಿಂದಲೇ ಬೇರೆ ಥರ ಗ್ರಹಿಸುವ ಸ್ಥಿತಿ. ಗೊತ್ತಾಗಿದ್ದು 31ನೇ ವಯಸ್ಸಿನಲ್ಲಿ. ಅಲ್ಲಿವರೆಗೆ ಮನೆಯಲ್ಲಿ "ಇವಳಿಗೆ ಗಲಾಟೆ ಆಗಲ್ಲ" ಅಂತಿದ್ದರು, ಆಫೀಸಿನಲ್ಲಿ "ಸ್ವಲ್ಪ ಜಂಭ" ಅಂತಿದ್ದರು.

ಮೊದಲು ದುಡ್ಡು ಸುರಿದಿದ್ದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿಗೆ. ಏಸಿಯ ಗುಂಯ್ ಅನ್ನುವ ಒಂದೇ ಸಮನೆ ಸದ್ದನ್ನು ಅದು ಚೆನ್ನಾಗಿ ನುಂಗುತ್ತದೆ, ಸುಳ್ಳು ಹೇಳಬಾರದು. ಆದರೆ ಮಾತು, ಮೈಕ್ರೋವೇವ್ ಬೀಪ್, ಗಂಟೆ, ಹೀಗೆ ತಟ್ಟನೆ ಬಂದು ಹೋಗುವ ಸದ್ದಿನ ಮುಂದೆ ಅದರ ಆಟ ನಡೆಯಲ್ಲ. ಜೊತೆಗೆ ಏಪ್ರಿಲ್‌ನಲ್ಲಿ ಕಿವಿ ಬೆವರುತ್ತದೆ, ಜುಮಕಿ ಒತ್ತುತ್ತದೆ.

ನಮ್ಮ ಭಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಶಾಪ್ (ಲೋಹದ ತಗಡು ಒತ್ತುವ ವಿಭಾಗ) ಸೂಪರ್‌ವೈಸರ್. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದಾಗ ನನ್ನ ಗೋಳು ಕೇಳಿ, ಎದ್ದು ಹೋಗಿ ಬೈಕಿನ ಬ್ಯಾಗಿನಿಂದ ಒಂದು ಜೋಡಿ ಪ್ಲಗ್ ತಂದು ಕೈಗಿಟ್ಟರು. "ಇದಿಲ್ದೆ ನಮ್ಮಲ್ಲಿ ಒಳಗೇ ಬಿಡಲ್ಲಮ್ಮ. ನೀನ್ಯಾಕೆ ಅಷ್ಟು ದುಡ್ಡು ಹಾಕೋಕೆ ಹೋದೆ?" ಅಂದರು. ಕಾರ್ಖಾನೆಗಳಲ್ಲಿ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ. ನಮ್ಮ ಆಫೀಸಿನಲ್ಲಿ ಫೋನಿನ ಆಪ್ ಹಿಡಿದು ನೋಡಿದೆ, 60ರಿಂದ 65ರ ಮಧ್ಯೆ ಕುಣಿಯುತ್ತಿತ್ತು. ಯಾರೂ ಕಿವುಡಾಗಲ್ಲ. ಹಾಗಾಗಿ ಅದು ಯಾರ ಲೆಕ್ಕಕ್ಕೂ ಇಲ್ಲ.

ಮರುವಾರ ಪೀಣ್ಯದ ಸೇಫ್ಟಿ ಸಾಮಾನಿನ ಅಂಗಡಿಗೆ ನಾನೇ ಹೋದೆ. ಹೆಲ್ಮೆಟ್, ಗಮ್‌ಬೂಟು, ಗ್ಲೌಸುಗಳ ಮಧ್ಯೆ ಇದು. ಜೋಡಿಗೆ 12 ರೂಪಾಯಿ, 50 ಜೋಡಿಗೆ 600. ಕಂಪನಿ ಹೆಸರು ಬೇಡ, ಈ ನಮೂನೆಯವು ಹೆಚ್ಚುಕಡಿಮೆ ಎಲ್ಲ ಒಂದೇ ಥರ. ಮೆತ್ತನೆ ಫೋಮಿನ ಸಣ್ಣ ಗೋಪುರ, ಅಷ್ಟೆ.

ಹಾಕುವುದನ್ನು ಮಾತ್ರ ಕಲಿಯಬೇಕು. ಸುಮ್ನೆ ಕಿವಿಗೆ ಒತ್ತಿದರೆ ಅರ್ಧ ಹೊರಗೆ ಇಣುಕುತ್ತಿರುತ್ತದೆ, ಏನೂ ಪ್ರಯೋಜನ ಇಲ್ಲ. ನಾನು ಮೊದಲ ವಾರವೆಲ್ಲ ಹಾಗೇ ಮಾಡಿ "ಇದೂ ದಂಡ" ಅಂದುಕೊಂಡಿದ್ದೆ. ಸರಿಯಾದ ಕ್ರಮ ಭಾವ ತೋರಿಸಿದ್ದು. ಬೆರಳ ತುದಿಯಲ್ಲಿ ಹತ್ತಿಯ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ತೂರಿಸಿ, ಬೆರಳಿಟ್ಟು ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಫೋಮ್ ಒಳಗೇ ನಿಧಾನವಾಗಿ ಅರಳುತ್ತದೆ. ಆಗ ಆಫೀಸು ಪಕ್ಕದ ಮನೆಗೆ ಹೋದ ಹಾಗಾಗುತ್ತದೆ. ಸದ್ದು ಇದೆ, ಆದರೆ ನನ್ನ ಮೇಲೆ ಬೀಳುತ್ತಿಲ್ಲ. ತೆಗೆಯುವಾಗ ತಿರುಗಿಸುತ್ತಾ ನಿಧಾನಕ್ಕೆ ತೆಗೆಯಿರಿ, ಜಗ್ಗಬೇಡಿ.

ಡಬ್ಬಿಯ ಮೇಲೆ ಎನ್‌ಆರ್‌ಆರ್ (ಎಷ್ಟು ಡೆಸಿಬಲ್ ಸದ್ದು ತಗ್ಗಿಸುತ್ತದೆ ಅನ್ನುವ ಅಂಕಿ) 29 ಅಂತ ಬರೆದಿದೆ. ಅಷ್ಟೂ ಸಿಗುತ್ತೆ ಅಂದುಕೊಳ್ಳಬೇಡಿ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಷಾದವರ ಅಂದಾಜಿನ ಲೆಕ್ಕದಲ್ಲಿ 7 ಕಳೆದು ಅರ್ಧ ಮಾಡಬೇಕು, 11 ಡೆಸಿಬಲ್ ಬರುತ್ತದೆ. ನನಗೆ ಅಷ್ಟು ಸಾಕು.

ತೊಂದರೆಗಳೂ ಇವೆ. ನಮ್ಮ ಧ್ವನಿ ನಮಗೇ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಇದನ್ನು ಹಾಕಿಕೊಂಡು ಚಕ್ಕುಲಿ ತಿನ್ನಲೇಬೇಡಿ, ಜಲ್ಲಿ ಮಿಷನ್ ತಲೆಯೊಳಗೇ ಓಡುತ್ತದೆ. ಫೋನ್ ಕಾಲ್ ಬಂದರೆ ತೆಗೆಯಲೇಬೇಕು. ಕೊಳೆ ಕಂಡರೆ ಎಸೆಯಬೇಕು. ಕಿವಿ ನೋವು, ಸೋರುವುದು ಇರುವವರು ಹತ್ತಿರ ಹೋಗಬೇಡಿ.

ದೊಡ್ಡ ತೊಂದರೆ ಬೇರೆ. ಎರಡನೇ ವಾರ ಮ್ಯಾನೇಜರ್ ಕ್ಯಾಬಿನ್‌ಗೆ ಕರೆದರು. "ಏನ್ರೀ, ಮೂರು ಸಲ ಕೂಗಿದೆ. ತಿರುಗೂ ನೋಡಲ್ಲ ನೀವು!" ಹಿಂದಿನ ದಿನವಷ್ಟೇ ಒಬ್ಬರು ಹಿಂದಿನಿಂದ ಬಂದು ಭುಜ ತಟ್ಟಿದ್ದರು, ನಾನು ಕುರ್ಚಿಯಿಂದ ಹಾರಿಬಿದ್ದಿದ್ದೆ, ಕಾಫಿ ಕೀಬೋರ್ಡಿಗೆ. ಬಾಯಲ್ಲಿ ಹೇಳಿದರೆ ತೊದಲುತ್ತೇನೆ ಅಂತ ಕೂತು ಮೇಲ್ ಬರೆದೆ. ಮೂರೇ ಸಾಲು. ಕಿವಿಯಲ್ಲಿ ಕಿತ್ತಳೆ ಕಂಡರೆ ಚಾಟ್‌ನಲ್ಲಿ ಕೇಳಿ. ತುರ್ತಿದ್ದರೆ ಎದುರಿಗೆ ಬಂದು ಕೈ ಬೀಸಿ. ಬೆನ್ನಿಗೆ ಗೋಡೆ ಇರುವ ಸೀಟು ಕೊಡಿ.

ಬರೆಯುವ ಮೊದಲು ಕಾನೂನೂ ತಿರುವಿಹಾಕಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಆಟಿಸಂ ಅದರಲ್ಲಿದೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ) ಅಂತ ಬೇರೆಯಾಗಿ ಇಲ್ಲ. ಸರ್ಕಾರಿ ಕಚೇರಿಯಾದರೆ ಇಂಥ ಅನುಕೂಲ ಮಾಡಿಕೊಡಲೇಬೇಕು ಅಂತ 20ನೇ ಸೆಕ್ಷನ್ ಹೇಳುತ್ತದೆ. ಖಾಸಗಿಯವರೂ ಸಮಾನ ಅವಕಾಶದ ಪಾಲಿಸಿ ಮಾಡಬೇಕು. ನಮ್ಮಲ್ಲಿ ಅದು ಇದೆ, ಪಿಡಿಎಫ್‌ನಲ್ಲಿ. ಅದರಲ್ಲಿ ರ‍್ಯಾಂಪ್ ಇದೆ, ಲಿಫ್ಟ್ ಇದೆ, ಸದ್ದಿನ ಸುದ್ದಿ ಇಲ್ಲ.

ಪುಣ್ಯಕ್ಕೆ ಮ್ಯಾನೇಜರ್ ಕಾನೂನಿನ ತನಕ ಎಳೆಯಲಿಲ್ಲ. ನಾಲ್ಕು ದಿನದಲ್ಲಿ ಮೂಲೆಯ ಸೀಟು ಸಿಕ್ಕಿತು. ಕೆಲಸವನ್ನೂ ಈಗ ನಡೆದುಕೊಂಡು ಹೋಗುತ್ತಾ ಹೇಳಲ್ಲ, ಚಾಟ್‌ನಲ್ಲಿ ಬರೆದು ಹಾಕುತ್ತಾರೆ. ನಿಜ ಹೇಳಬೇಕೆಂದರೆ ಪ್ಲಗ್‌ಗಿಂತ ಜಾಸ್ತಿ ಉಪಕಾರ ಆಗಿದ್ದು ಆ ಗೋಡೆಯಿಂದ. ಹಾಗಾಗಿ ಪ್ಲಗ್‌ಗೆ ಐದಕ್ಕೆ ಮೂರೂವರೆ, ಗೋಡೆಗೆ ಐದಕ್ಕೆ ಐದು.

ಗಂಟೆ ಇನ್ನೂ ಇದೆ. ಎಚ್‌ಆರ್‌ನವರಿಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಸೇಲ್ಸ್‌ನ ಒಬ್ಬ ಹುಡುಗ ಈಗ ಮುಂಚೆಯೇ ಮೆಸೇಜ್ ಹಾಕುತ್ತಾನೆ: "ಅಕ್ಕಾ, ಗಂಟೆ, ಎರಡು ನಿಮಿಷ." ನಾನು ಹೊಸೆಯಲು ಶುರು ಮಾಡುತ್ತೇನೆ.

ಹೋದ ತಿಂಗಳು ಎರಡನೇ ಡಬ್ಬಿ ತಂದು, ಪ್ಯಾಂಟ್ರಿಯಲ್ಲಿ ಸಕ್ಕರೆ ಪೊಟ್ಟಣಗಳ ಪಕ್ಕ ಬಾಯಿ ತೆರೆದಿಟ್ಟೆ. ಸೋಮವಾರ 50 ಜೋಡಿ ಇತ್ತು. ಶುಕ್ರವಾರ ಎಣಿಸಿದರೆ 38. ನಾನು ತೆಗೆದುಕೊಂಡಿದ್ದು ಎರಡು.