ಎರಡನೇ ವರ್ಷ ಉಳಿಯೋದಾ, ಎನ್‌ಬಿಎಗೆ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್‌ಗೆ) ಹೊರಡೋದಾ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮೊದಲ ಸೀಸನ್ ಮುಗಿಸಿದ ಒಳ್ಳೆ ಆಟಗಾರನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಚಿನಲ್ಲೇ ಜಾಸ್ತಿ ಕೂತಿದ್ದವನು ಖಂಡಿತ ಉಳಿಯಲಿ. ಅಯೋವಾ ವಿಶ್ವವಿದ್ಯಾಲಯದ ಕೀಗನ್ ಮರ್ರೇಯನ್ನೇ ನೋಡಿ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 7.2 ಅಂಕ, ಎರಡನೇ ವರ್ಷ 23.5! ಆಟ ಪಳಗಿತ್ತು, ನಿಜ. ಆದರೆ ತಂಡದ ದೊಡ್ಡ ಸ್ಕೋರರ್ ಲೂಕಾ ಗಾರ್ಜಾ ಹೋದ ಮೇಲೆ ಚೆಂಡು ಇವನ ಕೈಗೇ ಬರತೊಡಗಿತು. 18 ನಿಮಿಷ ಆಡುತ್ತಿದ್ದವನು ಸುಮಾರು 32 ನಿಮಿಷ ಆಡಿದ. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, 4ನೆಯವನಾಗಿ ಆಯ್ಕೆಯಾದ.

ಮೊದಲ ವರ್ಷವೇ ಮಿಂಚಿದವನಿಗೆ ಮಾತ್ರ ನಾನು ಹೊರಡು ಅನ್ನುತ್ತೇನೆ. ಅವನಿಗೆ ಏರೋದಕ್ಕೆ ಜಾಗ ಕಮ್ಮಿ, ಅಲ್ವಾ? ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾರೆಡ್ ಸಲಿಂಜರ್ ಎರಡನೇ ವರ್ಷ ಉಳಿದು ಸರಾಸರಿ 17.2 ಅಂಕದಿಂದ 17.5ಕ್ಕೆ ಬಂದ, ಅಷ್ಟೇ. ಬೆನ್ನಿನ ತೊಂದರೆಯೂ ಸೇರಿ, 2012ರ ಡ್ರಾಫ್ಟ್‌ನಲ್ಲಿ 21ನೇ ಸ್ಥಾನಕ್ಕೆ ಜಾರಿದ.